ವಾಲಿ ನಿಂತವಳು

ಜಬಲ್ ಅಲಿ, ಹದಿನೇಳನೇ ಗೋದಾಮು.
ಆಗಸ್ಟಿನ ಮಧ್ಯಾಹ್ನ ಶಟರು ಎತ್ತಿದ್ದೇ ತಡ
ಹೊರಗಿನ ಗಾಳಿ ಒದ್ದೆ ಕಂಬಳಿಯಂತೆ ಮೈಮೇಲೆ ಬಿತ್ತು.

ಕಾಗದದಲ್ಲಿ ಇದ್ದದ್ದು:
ತೋಟದ ಬೊಂಬೆ, ಹೊಸದು, ಒಂದು ನಗ,
ನೂರ ತೊಂಬತ್ತೆರಡು ಕಿಲೋ.
ನನ್ನ ಕೆಲಸ ಎಣಿಸುವುದು, ತಾಳೆ ನೋಡುವುದು,
ಒಡೆದಿದ್ದರೆ ಒಡೆದಿದೆ ಎಂದು ಬರೆಯುವುದು.
ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ಶಾಸನ ಓದಿದವನು
ಈಗ ಬಾರ್‌ಕೋಡು ಓದುತ್ತೇನೆ.
ಅಲ್ಲೂ ಗೀಟುಗಳೇ. ಅರ್ಥ ಮಾತ್ರ ಯಂತ್ರಕ್ಕೆ.

ಹಲಗೆ ಕಿತ್ತವನು ಭಟ್ಕಳದ ಝುಬೇರ್ ಕೋಲಾ,
ಫೋರ್ಕ್‌ಲಿಫ್ಟಿನವನು. ಮೊಳೆಗಳು ಕಿರುಚಿಕೊಂಡವು.
ನೊರೆಹಾಳೆ, ಹುಲ್ಲು, ಆಮೇಲೆ ಒಂದು ಮೊಣಕೈ.

"ಯಾರಿದು?"
ಮದನಿಕೆ, ಅಂದೆ. ಕಂಬದ ತಲೆಗೂ ಸೂರಿನ ಅಂಚಿಗೂ ನಡುವೆ ಇರುವವಳು.
"ದೇವರಾ?"
ಅಲ್ಲ. ದೇವರ ಮನೆಯವಳು.

ಬಳಪದ ಕಲ್ಲು. ನೆಲದಿಂದ ತೆಗೆದಾಗ
ಹಸಿ ಗೆಣಸಿನ ಹಾಗೆ ಉಳಿಗೆ ಸಿಗುತ್ತದೆ,
ಗಾಳಿ ಕುಡಿದಷ್ಟೂ ಗಟ್ಟಿ.
ಹಾರಕ್ಕೂ ಎದೆಗೂ ನಡುವೆ ಒಂದು ಸಂದು.
ಝುಬೇರ ತನ್ನ ಗೇಟ್‌ಪಾಸಿನ ದಾರ ತೂರಿಸಿ ನೋಡಿದ:
ಆಚೆ ಬಂತು.
ಎಡಗೈಯಲ್ಲಿ ಕನ್ನಡಿ ಇದ್ದಿರಬೇಕು, ಮುಂಗೈಯೇ ಇಲ್ಲ.
ಕಾಲ ಬಳಿ ಗಿಡ್ಡ ಮದ್ದಳೆಯವನೊಬ್ಬ
ಬಾರಿಸುತ್ತಲೇ ಇದ್ದಾನೆ,
ಎಂಟುನೂರು ವರ್ಷದಿಂದ ಸಾಕು ಅಂದವರಿಲ್ಲ.

ಆದರೂ ಏನೋ ಸರಿಯಿಲ್ಲ.
ತಲೆ ದೊಡ್ಡದು, ಕಾಲು ಮೋಟು,
ಕಣ್ಣು ನಮ್ಮನ್ನು ದಾಟಿ ತಗಡಿನ ಗೋಡೆಯಲ್ಲಿ ನೆಟ್ಟಿದೆ.
"ಸೊಕ್ಕು ಮಾರಾಯ, ನಮ್ಮ ಅರಬನ ಹೆಂಡತಿ ಕಂಡ ಹಾಗೆ."
ಸೊಕ್ಕಲ್ಲ ಝುಬೇರಣ್ಣ, ಎತ್ತರ ತಪ್ಪಿದೆ.
ಇವಳನ್ನು ಕಡೆದವನು ಕೆಳಗಿನಿಂದ ನೋಡುವವರನ್ನು ನೆನೆದು ಕಡೆದದ್ದು.

ಅವನು ಮಾತಾಡಲಿಲ್ಲ. ಬೆಲ್ಟು ಎರಡು ಸುತ್ತು ಬಿಗಿದ,
ಸೀಟು ಹತ್ತಿದ.
ನಾನು ರಟ್ಟು ಹಾಸಿ, ತುಸು ಈಚೆ, ಅಂಗಾತ ಮಲಗಿದೆ.

ಆರು ಅಡಿ. ಎಂಟು. "ಇನ್ನೂ?"
ಇನ್ನೊಂದು ಚೂರು. ಹಾಂ.
ಈಗ ಮುಂದಕ್ಕೆ ವಾಲಿಸು, ಮೆಲ್ಲಗೆ.

ಯಂತ್ರ ಉಸಿರು ಬಿಟ್ಟಿತು.
ಕಾಲು ಉದ್ದವಾದವು. ನಡು ಸಣ್ಣಗಾಯಿತು.
ರೆಪ್ಪೆ ಇಳಿಯಿತು.
ನೋಡಿದಳು.

ಎಂಜಿನ್ ಆರಿಸಿ ಝುಬೇರನೂ ಬಂದು ಪಕ್ಕದಲ್ಲಿ ಮಲಗಿದ.
ಹಳದಿ ಬಣ್ಣದ ಕಬ್ಬಿಣದ ಕಂಬ,
ಅದರ ಮೇಲೆ ಅವಳು,
ಅದರ ಮೇಲೆ ಟ್ಯೂಬ್‌ಲೈಟು.
ಏಸಿಯಲ್ಲಿ ತಣಿದ ಕಲ್ಲಿಗೆ ಸಮುದ್ರದ ಗಾಳಿ ತಾಗಿ
ಮೈಯೆಲ್ಲ ಬೆವರು.
ಕನ್ನಡಿ ಇರಬೇಕಾದ ಕಡೆಯಿಂದ
ಒಂದು ಹನಿ ನನ್ನ ಹುಬ್ಬಿನ ಮೇಲೆ ಬಿತ್ತು.

ಒದ್ದೆಯಾದ ಪೀಠದಲ್ಲಿ ಆಗ ಎದ್ದವು ಅಕ್ಷರ.
ಗರಗಸ ಹೆಸರಿನ ತಲೆ ತಿಂದಿತ್ತು. ಉಳಿದದ್ದು:
…ಮೋಜ ಮಾಡಿದ.

"ಮೋಜು ಮಾಡಿದನಂತಾ?"
ನಗು ಬಂತು. ರಟ್ಟಿನ ಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.
ಮಾಡಿರಬೇಕು ಬಿಡು. ಆ ಸಂದು ಕೊರೆದು ಮುಗಿದ ಸಂಜೆ.

ಫಾರಮಿನಲ್ಲಿ 'ಹೊಸದು' ಹೊಡೆದು ಹಾಕಿದೆ.
ತಯಾರಕರ ಹೆಸರು: ಕೊನೆಯ ಎರಡಕ್ಷರ ಸಿಕ್ಕಿದೆ.
ತಾಳೆ: ಇಲ್ಲ.
ಪೆನ್ನು ಎರಡು ಸಲ ಕೈಕೊಟ್ಟಿತು. ಅಥವಾ ಕೈಯೇ.
ಮನೆಯ ಕಂತು ನೆನಪಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೆಂಪು ಸೀಲು, ತಂತಿ ಬಲೆಯ ಕೋಣೆ, ಆಫೀಸಿನಿಂದ ಕರೆ.
ಯಾರ ಮಾಲು, ಯಾರು ಬಿಚ್ಚಿಸಿದ್ದು, ಏಕೆ.
ಅವಳನ್ನು ಎಲ್ಲಿಗೆ ಕಳಿಸುತ್ತಾರೋ ನನಗೆ ತಿಳಿಯದು,
ನನ್ನನ್ನೂ.

ಪಾಳಿ ಮುಗಿದಾಗ ಝುಬೇರ
ಪ್ಯಾಲೆಟ್ಟಿನ ಹಿಂದೆ ಮರದ ತುಂಡೊಂದು ಸಿಕ್ಕಿಸಿದ.
ಎತ್ತರ ಆಗದಿದ್ದರೆ ಬೇಡ, ಇಷ್ಟಾದರೂ ವಾಲಲಿ.

ಬೆಳಿಗ್ಗೆ ಬಂದು ನೋಡಿದರೆ
ರಾತ್ರಿ ಕಾವಲಿನವನ ಕುರ್ಚಿ
ಬಾಗಿಲು ಬಿಟ್ಟು ಎರಡು ಗಜ ಈಚೆಗೆ ಬಂದಿತ್ತು,
ಅವಳ ಕಣ್ಣು ಬೀಳುವಲ್ಲಿಗೆ.